ಆಸ್ಟಿನ್ ರಸ್ತೆಯ ಈಚೆ ಬದಿ

ಪ್ರಶ್ನೆ: ನಮ್ಮ ಮಗ ಶಿಕಾಗೊ ಪಕ್ಕದ ಓಕ್ ಪಾರ್ಕ್‌ನಲ್ಲಿ ಮನೆ ಕೊಂಡಿದ್ದಾನೆ. ನೀರಿನ ಬಿಲ್ಲಿನ ಮೇಲೆ ‘ವಿಲೇಜ್ ಆಫ್ ಓಕ್ ಪಾರ್ಕ್’ ಎಂದಿದೆಯಂತೆ. ಅಮೆರಿಕಕ್ಕೆ ಹೋಗಿಯೂ ಹಳ್ಳಿ ಸೇರಿದನಲ್ಲ ಎಂದು ನಮ್ಮ ಯಜಮಾನರಿಗೆ ಬೇಸರ. ನೆಂಟರೆಲ್ಲ ಶಿಕಾಗೊದ ಇನ್ನೊಂದು ಉಪನಗರ ನೇಪರ್‌ವಿಲ್‌ನಲ್ಲಿದ್ದಾರೆ. ‘ಓಕ್ ಪಾರ್ಕ್‌ನಲ್ಲಿ ಒಂದು ರಸ್ತೆ ದಾಟಿದರೆ ಏರಿಯಾ ಸರಿಯಿಲ್ಲ’ ಅನ್ನುತ್ತಾರೆ. ಮೇ ತಿಂಗಳಲ್ಲಿ ಹೊರಡುತ್ತಿದ್ದೇವೆ. ಹೆದರಬೇಕೇ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಯಜಮಾನರನ್ನು ಸಮಾಧಾನ ಮಾಡೋಣ. ಇಲಿನಾಯ್ ರಾಜ್ಯದಲ್ಲಿ ‘ವಿಲೇಜ್’ ಅಂದರೆ ಸ್ಥಳೀಯ ಆಡಳಿತದ ಒಂದು ಬಗೆ, ಅಷ್ಟೇ. ನಮ್ಮಲ್ಲಿ ಪುರಸಭೆ, ನಗರಸಭೆ ಅನ್ನುವುದಿಲ್ಲವೇ, ಹಾಗೆ. ಗದ್ದೆ, ಕೊಟ್ಟಿಗೆ ಯಾವುದೂ ಇಲ್ಲ. ಐದು ಚದರ ಮೈಲಿಗೂ ಕಡಿಮೆ ಜಾಗದಲ್ಲಿ, 2020ರ ಜನಗಣತಿಯಂತೆ, 54,583 ಜನ. ಶಿಕಾಗೊದ ನಡುಪೇಟೆ ಎಂಟೊಂಬತ್ತು ಮೈಲಿ. ಗ್ರೀನ್ ಲೈನ್, ಬ್ಲೂ ಲೈನ್ ಎರಡು ರೈಲೂ ಊರೊಳಗೇ ಹಾಯುತ್ತವೆ. ನಿಮ್ಮ ವಯಸ್ಸಿನವರಿಗೆ ಇದು ಎಷ್ಟು ದೊಡ್ಡ ವರ ಎಂಬುದು ನೇಪರ್‌ವಿಲ್ ನೆಂಟರ ಮನೆಯಲ್ಲಿ ಒಂದು ವಾರ ಕೂತರೆ ಗೊತ್ತಾಗುತ್ತದೆ. ಅಲ್ಲಿ ಬಹಳ ಬಡಾವಣೆಗಳಲ್ಲಿ ಕೊತ್ತಂಬರಿ ಸೊಪ್ಪು ಬೇಕೆಂದರೂ ಮಗ ಆಫೀಸಿನಿಂದ ಬರುವ ತನಕ ಕಾಯಬೇಕು. ಓಕ್ ಪಾರ್ಕ್‌ನಲ್ಲಿ ಚಪ್ಪಲಿ ಮೆಟ್ಟಿದರೆ ಸಾಕು. ಲೈಬ್ರರಿ, ಪಾರ್ಕು, ರೈಲು, ಕಾಫಿ ಅಂಗಡಿ ಎಲ್ಲ ನಡೆದು ಹೋಗುವಷ್ಟು ಹತ್ತಿರ.

ಈಗ ಆ ರಸ್ತೆ. ಅದರ ಹೆಸರು ಆಸ್ಟಿನ್ ಬುಲೆವಾರ್ಡ್. ಈಚೆ ಬದಿ ಓಕ್ ಪಾರ್ಕ್, ಆಚೆ ಬದಿ ಶಿಕಾಗೊ ನಗರದ ಆಸ್ಟಿನ್ ಬಡಾವಣೆ. ನಾನು ಅಲ್ಲಿಗೆ ಹೋದದ್ದು 1991ರಲ್ಲಿ. ಇದ್ದದ್ದು ಇಪ್ಪತ್ತಾರು ವರ್ಷ, ಅದರಲ್ಲಿ ಮೊದಲ ನಾಲ್ಕು ವರ್ಷ ಆ ರಸ್ತೆಗೆ ಎರಡೇ ಬೀದಿ ದೂರದ ಬಾಡಿಗೆ ಮನೆಯಲ್ಲಿ. ಆದ್ದರಿಂದ ನಿಮ್ಮ ನೆಂಟರಿಗಿಂತ ನನಗೆ ಸ್ವಲ್ಪ ಹೆಚ್ಚು ಗೊತ್ತು ಎಂದುಕೊಂಡೇ ಬರೆಯುತ್ತೇನೆ.

1960ರಲ್ಲಿ ಎರಡೂ ಬದಿಯಲ್ಲಿ ಇದ್ದವರು ಬಹುಮಟ್ಟಿಗೆ ಬಿಳಿಯರೇ. ಆಮೇಲೆ ಮನೆ ದಲ್ಲಾಳಿಗಳು ಒಂದು ಆಟ ಹೂಡಿದರು. ಒಂದು ಬೀದಿಗೆ ಒಂದು ಕರಿಯ ಕುಟುಂಬ ಬಂದರೆ ಸಾಕು, ಉಳಿದವರ ಬಾಗಿಲು ತಟ್ಟಿ, ‘ಇನ್ನು ಬೆಲೆ ಬೀಳುತ್ತೆ, ಈಗಲೇ ಮಾರಿಬಿಡಿ’ ಎಂದು ಹೆದರಿಸುವುದು. ಅಗ್ಗಕ್ಕೆ ಕೊಂಡದ್ದನ್ನು ಬೇರೆಲ್ಲೂ ಮನೆ ಸಿಗದ ಕರಿಯರಿಗೆ ದುಬಾರಿಗೆ ಮಾರುವುದು. ಕರಿಯರಿರುವ ಬಡಾವಣೆಗಳಿಗೆ ಬ್ಯಾಂಕಿನ ಸಾಲವೂ ಹುಟ್ಟುತ್ತಿರಲಿಲ್ಲ. 1980ರ ಹೊತ್ತಿಗೆ ಆಸ್ಟಿನ್‌ನಲ್ಲಿ ಬಹುಪಾಲು ಕರಿಯರೇ ಆಗಿದ್ದರು. ಬಿಳಿಯರ ಹಿಂದೆಯೇ ಅಂಗಡಿ, ಕಾರ್ಖಾನೆ, ಬಂಡವಾಳ ಎಲ್ಲ ಹೋಯಿತು. ನಿಮ್ಮ ನೆಂಟರು ‘ಏರಿಯಾ ಸರಿಯಿಲ್ಲ’ ಅನ್ನುವುದು ಇದರ ಫಲವನ್ನು. ಆ ಜನ ಸರಿಯಿಲ್ಲದ್ದಕ್ಕೆ ಹಾಗಾಯಿತು ಎಂದು ನೀವು ತಿಳಿಯಬೇಡಿ.

ಓಕ್ ಪಾರ್ಕ್ ಬಹಳ ಒಳ್ಳೆಯವರ ಊರಾಗಿತ್ತೇ? ಇಲ್ಲ. ಪರ್ಸಿ ಜೂಲಿಯನ್ ಎಂಬ ರಸಾಯನ ವಿಜ್ಞಾನಿ ಇದ್ದರು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಬೇಕಾದ ಔಷಧವನ್ನು 1935ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದವರು, ಸೋಯಾ ಅವರೆಯಿಂದ ಹಾರ್ಮೋನು ತೆಗೆದವರು. ಮೈಬಣ್ಣ ಕಪ್ಪು. 1950ರಲ್ಲಿ ಅವರು ಇಲ್ಲಿ ಮನೆ ಕೊಂಡಾಗ, ಒಕ್ಕಲು ಬರುವ ಮುಂಚೆಯೇ ಯಾರೋ ಮನೆಗೆ ಬೆಂಕಿ ಇಡಲು ನೋಡಿದರು. ಮರುವರ್ಷ ಜೂನ್‌ನಲ್ಲಿ ಮಕ್ಕಳು ಮನೆಯಲ್ಲಿದ್ದಾಗಲೇ ಡೈನಮೈಟ್ ಎಸೆದರು. ಅವರು ಊರು ಬಿಡಲಿಲ್ಲ. ನೆರೆಹೊರೆಯ ಒಂದಿಷ್ಟು ಜನ ಅವರ ಬೆನ್ನಿಗೆ ನಿಂತರು. ಇವತ್ತು ಊರಿನ ಒಂದು ಮಿಡ್ಲ್ ಸ್ಕೂಲಿಗೆ ಅವರದೇ ಹೆಸರು. ನಿಮ್ಮ ಮೊಮ್ಮಗು ಅಲ್ಲಿ ಓದಿದರೂ ಓದಬಹುದು.

1968ರಲ್ಲಿ, ಬಣ್ಣ ನೋಡಿ ಮನೆ ಇಲ್ಲ ಅನ್ನಬಾರದು ಎಂಬ ಸ್ಥಳೀಯ ಕಾಯಿದೆ ಬಂತು. ಆದರೆ ಕಾಯಿದೆ ಇದ್ದ ಮಾತ್ರಕ್ಕೆ ಜನ ಜೊತೆಗೆ ಬಾಳುತ್ತಾರೆಯೇ? ನನಗೆ ಆ ಊರಿನ ಮೇಲೆ ಗೌರವ ಹುಟ್ಟಿದ್ದು ಮುಂದಿನ ಸಣ್ಣಪುಟ್ಟ, ಗುಮಾಸ್ತನ ಕೆಲಸದಂಥ ಕ್ರಮಗಳಿಂದ. 1972ರಲ್ಲಿ ಮನೆಗಳ ಮುಂದೆ ‘ಮಾರಾಟಕ್ಕಿದೆ’ ಎಂಬ ಬೋರ್ಡು ನಿಲ್ಲಿಸುವುದನ್ನು ನಿಷೇಧಿಸಿದರು. ಒಂದು ಬೋರ್ಡು ಕಂಡರೆ ನಾಲ್ಕು ಮನೆಯವರಿಗೆ ದಿಗಿಲು, ಅದಕ್ಕೆ. 1977ರಲ್ಲಿ ಇನ್ನೊಂದು ಊರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥ ನಿಷೇಧ ಸಲ್ಲದು ಎಂದಿತು. ಆದರೂ ಓಕ್ ಪಾರ್ಕ್‌ನಲ್ಲಿ ದಲ್ಲಾಳಿಗಳು ತಾವಾಗಿಯೇ ಬೋರ್ಡು ಹಾಕದೆ ಉಳಿದರು. ಮಗನನ್ನು ಕೇಳಿ ನೋಡಿ, ಮನೆ ಹುಡುಕುವಾಗ ಎಷ್ಟು ಬೋರ್ಡು ಕಂಡ ಎಂದು. ಆಮೇಲೆ ಎಪ್ಪತ್ತರ ದಶಕದ ಕೊನೆಗೆ ಮನೆ ಬೆಲೆಗೊಂದು ವಿಮೆ: ಐದು ವರ್ಷ ಕಳೆದು ಮಾರುವಾಗ ನಷ್ಟವಾದರೆ ಅದರ 80 ಶೇಕಡಾವನ್ನು ವಿಲೇಜ್ ತುಂಬಿಕೊಡುತ್ತದೆ ಎಂದು. ಆ ಹಣ ಯಾರಿಗೂ ಕೊಡುವ ಪ್ರಸಂಗವೇ ಬರಲಿಲ್ಲ. ಓಡಿಹೋಗದಿದ್ದರೆ ಬೆಲೆ ಯಾಕೆ ಬೀಳುತ್ತದೆ!

ಬಾಡಿಗೆ ಮನೆಗಳಿಗೂ 1972ರಿಂದ ಹೌಸಿಂಗ್ ಸೆಂಟರ್ ಎಂಬ ಸಂಸ್ಥೆ ಇತ್ತು. ಬಿಳಿಯರು ಬಂದರೆ ಆಸ್ಟಿನ್ ರಸ್ತೆ ಕಡೆಯ ಮನೆಗಳನ್ನೂ ನೋಡಿ ಎಂದು ಒತ್ತಾಯ, ಕರಿಯರು ಬಂದರೆ ಊರಿನ ಬೇರೆ ಕಡೆಯವನ್ನೂ ನೋಡಿ ಎಂದು. ಒಂದೇ ಕಡೆ ಒಂದೇ ಬಣ್ಣ ಕಟ್ಟಬಾರದು ಎಂಬ ಲೆಕ್ಕ. ನಮ್ಮವರೂ ನಾನೂ ಹೋದಾಗ ಅಲ್ಲಿದ್ದಾಕೆ ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿ ನಕ್ಕಳು. ನಾವು ಆ ಲೆಕ್ಕದಲ್ಲಿ ಎತ್ತಲೂ ಸೇರದವರು. ಕೊನೆಗೆ ಎಲ್ಲ ದಿಕ್ಕಿನ ಮನೆಯನ್ನೂ ತೋರಿಸಿದಳು. ನಾವು ಆರಿಸಿದ್ದು ಬಾಡಿಗೆ ಕಡಿಮೆ ಇದ್ದದ್ದನ್ನು. ನಾನು ಹುಟ್ಟಿದ ಊರಿನಲ್ಲಿ ಬೀದಿಯ ಹೆಸರು ಹೇಳಿದರೆ ಜಾತಿ ಗೊತ್ತಾಗುತ್ತಿತ್ತು. ಅದನ್ನು ಕಲಸಲು ಒಂದು ಆಫೀಸು ತೆರೆದವರನ್ನು ನಾನು ಕಂಡದ್ದು ಅಲ್ಲೇ ಮೊದಲು.

ಹಾಗೆಂದು ಎಲ್ಲ ಚೆನ್ನ ಎನ್ನಲಾರೆ. ಆಸ್ಟಿನ್ ಕಡೆಯಿಂದ ಒಳಬರುವ ಹಲವು ಬೀದಿಗಳನ್ನು ಹೂಕುಂಡದಂಥ ಅಡ್ಡಗಟ್ಟೆ ಕಟ್ಟಿ ಮುಚ್ಚಿದ್ದಾರೆ. ವಾಹನ ದಟ್ಟಣೆಗೆ ಅನ್ನುತ್ತಾರೆ, ಆಚೆಯವರಿಗೆ ಹಾಗೆ ಕಾಣುವುದಿಲ್ಲ, ನನಗೂ ಕಾಣಲಿಲ್ಲ. ಊರಿನ ಜನರಲ್ಲಿ ಕರಿಯರ ಪಾಲು ಈಗ ಐದರಲ್ಲಿ ಒಂದಕ್ಕೆ ತುಸು ಕಡಿಮೆ. ಹೈಸ್ಕೂಲಿನಲ್ಲಿ ಬಿಳಿಯ ಮಕ್ಕಳಿಗೂ ಕರಿಯ ಮಕ್ಕಳಿಗೂ ಅಂಕಗಳಲ್ಲಿ ಇರುವ ಅಂತರ ದಶಕಗಳಿಂದ ಊರಿನ ಜಗಳದ ವಿಷಯ. ಮನೆ ತೆರಿಗೆಯಂತೂ ಕೇಳಬೇಡಿ. ಮಗನನ್ನು ಈಗಷ್ಟೇ ಕೊಂಡ ಖುಷಿಯಲ್ಲಿರಲು ಬಿಡಿ.

ಹೆದರಬೇಕೇ ಎಂದಿರಿ. ಆಸ್ಟಿನ್‌ನಲ್ಲಿ ಅಪರಾಧ ಹೆಚ್ಚು ಎಂಬುದು ಸುಳ್ಳಲ್ಲ. ಯಾವ ದೊಡ್ಡ ಊರಿನಲ್ಲೂ ಇರುವಂಥ ಎಚ್ಚರವಿರಲಿ, ತಡರಾತ್ರಿ ಒಬ್ಬರೇ ತಿರುಗಬೇಡಿ. ಹಗಲಿನಲ್ಲಿ ಗ್ರೀನ್ ಲೈನ್ ಹತ್ತಿ ನಡುಪೇಟೆಗೆ ಹೋಗಿ ಬನ್ನಿ. ಆ ರೈಲು ಮೇಲುಗಟ್ಟೆಯ ಮೇಲೆ ಆಸ್ಟಿನ್ ನಡುವೆಯೇ ಹೋಗುತ್ತದೆ. ಕಿಟಕಿ ಪಕ್ಕ ಕೂತುಕೊಳ್ಳಿ. ಮುಚ್ಚಿದ ಅಂಗಡಿ, ಬಯಲಾದ ನಿವೇಶನ, ಒಳ್ಳೊಳ್ಳೆಯ ಹಳೇ ಕಲ್ಲಿನ ಮನೆ, ಮೆಟ್ಟಿಲ ಮೇಲೆ ಕೂತ ನಿಮ್ಮಂಥದೇ ಅಜ್ಜಿಯರು.

ಶನಿವಾರ ಬೆಳಿಗ್ಗೆ ಲೇಕ್ ಸ್ಟ್ರೀಟಿನ ಚರ್ಚಿನ ಅಂಗಳದಲ್ಲಿ ರೈತರ ಸಂತೆ ಇರುತ್ತದೆ. ಅಲ್ಲೇ ಬಿಸಿಬಿಸಿ ಡೋನಟ್ ಕರಿದು ಕೊಡುತ್ತಾರೆ, ಉದ್ದ ಸಾಲು. ಮೊಟ್ಟೆ ಮುಟ್ಟದವರಾದರೆ ಕೇಳಿ ತಿನ್ನಿ. ರಾತ್ರಿ ರಸ್ತೆ ಬದಿ ಕಾರು ನಿಲ್ಲಿಸುವಂತಿಲ್ಲ, ನೆಂಟರು ಉಳಿಯುವುದಾದರೆ ಮೊದಲೇ ಅನುಮತಿ ಪಡೆಯಲಿ; ನೇಪರ್‌ವಿಲ್‌ನವರಿಗೆ ಇದು ಇನ್ನೊಂದು ದೂರು ಸಿಕ್ಕಿದಂತಾಗುತ್ತದೆ. ದೇವಸ್ಥಾನಕ್ಕೆ ಲೆಮಾಂಟ್ ಅಥವಾ ಅರೋರಾ, ಎರಡಕ್ಕೂ ಕಾರು ಬೇಕು. ಕನ್ನಡದವರು ಬೇಕೆನಿಸಿದರೆ ವಿದ್ಯಾರಣ್ಯ ಕನ್ನಡ ಕೂಟ ಇದೆ, ಮಗನಿಗೆ ಹೇಳಿ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿನಿ. ಓಕ್ ಪಾರ್ಕ್‌ನಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಡಗಳಿಗೆ ಒಂದೇ ದಿನ ಇದೆ. ಯಾವುದು ನೋಡಲಿ? – ಬೆಂಗಳೂರು

ಉತ್ತರ: ಶಿಕಾಗೊ ಅವೆನ್ಯೂದಲ್ಲಿರುವ ರೈಟ್‌ನ ಸ್ವಂತ ಮನೆಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. 1889ರಲ್ಲಿ, ಇಪ್ಪತ್ತೆರಡರ ಹುಡುಗ, ಕೆಲಸ ಕೊಟ್ಟ ಲೂಯಿ ಸಲಿವನ್ ಬಳಿಯೇ ಸಾಲ ಪಡೆದು ಕಟ್ಟಿಸಿದ್ದು. 1909ರಲ್ಲಿ, ತನ್ನಿಂದ ಮನೆ ಕಟ್ಟಿಸಿಕೊಂಡಿದ್ದವರೊಬ್ಬರ ಹೆಂಡತಿಯೊಡನೆ ರೈಟ್ ಯುರೋಪಿಗೆ ಹೊರಟುಹೋದ. ಊರು ಅದನ್ನು ಬಹಳ ಕಾಲ ಮರೆಯಲಿಲ್ಲ. ಬೇರೆ ಮನೆಗಳಲ್ಲಿ ಜನ ವಾಸವಿದ್ದಾರೆ, ರಸ್ತೆಯಿಂದಲೇ ನೋಡಬೇಕು. ಒಳಗೆ ಹೋದ ಒಂದೆರಡು ನನಗೆ ಕತ್ತಲೆ ಅನಿಸಿತು. ಕಿಟಕಿ ಚೆಂದ, ಅಕ್ಕಿ ಆರಿಸಲು ಬೆಳಕು ಸಾಲದು.

ಅರ್ಧ ದಿನವನ್ನಾದರೂ ರೈಟ್ ಕಟ್ಟಿದ ಚರ್ಚು ಯೂನಿಟಿ ಟೆಂಪಲ್‌ಗೆ ಇಟ್ಟುಕೊಳ್ಳಿ. ಹಳೆಯ ಚರ್ಚು 1905ರಲ್ಲಿ ಸಿಡಿಲು ಬಡಿದು ಸುಟ್ಟ ಮೇಲೆ ಕಾಂಕ್ರೀಟಿನಲ್ಲಿ ಎರಕ ಹೊಯ್ದು ಕಟ್ಟಿದ್ದು. ಟ್ರ್ಯಾಮಿನ ಗದ್ದಲ ಒಳಗೆ ಬರಬಾರದೆಂದು ರಸ್ತೆಗೆ ಬೆನ್ನು ಮಾಡಿದೆ, ಬಾಗಿಲು ಹುಡುಕಬೇಕು. ಪಕ್ಕದಿಂದ ಒಳಹೊಕ್ಕು, ತಗ್ಗು ಸೂರಿನ ಕತ್ತಲ ಪಡಸಾಲೆಯಲ್ಲಿ ನಡೆದು, ನಾಲ್ಕು ಮೆಟ್ಟಿಲು ಹತ್ತಿದರೆ ಸೂರಿನ ಬಣ್ಣದ ಗಾಜಿನಿಂದ ಜೇನು ಬಣ್ಣದ ಬೆಳಕು. ಗರ್ಭಗುಡಿಯಲ್ಲಿ ಕತ್ತಲು ಕಂಡು ಬೆಳೆದ ನನಗೆ ಇದು ತಿರುವುಮುರುವು. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮೋಡ ಕವಿದ ದಿನವಾದರೂ ಬೇಸರಿಸಬೇಡಿ, ಆಗಲೇ ಆ ಗಾಜು ತನ್ನ ಕೆಲಸ ಮಾಡುವುದು.

ಪ್ರಶ್ನೆ: ಜನವರಿಯಲ್ಲಿ ಅಲ್ಲಿ ಬಾಳೆಗಿಡ ಕಾಣಸಿಗುತ್ತದೆಯೇ? – ಹಾಸನ

ಉತ್ತರ: ತಮಾಷೆಗೆ ಕೇಳಿದ್ದೀರಿ, ಆದರೆ ಸಿಗುತ್ತದೆ. ಗಾರ್ಫೀಲ್ಡ್ ಸ್ಟ್ರೀಟಿನಲ್ಲಿ 1929ರ ಒಂದು ಗಾಜಿನ ಮನೆ ಇದೆ, ಓಕ್ ಪಾರ್ಕ್ ಕನ್ಸರ್ವೇಟರಿ. ಹೊರಗೆ ಮೂಗು ಮರಗಟ್ಟುವ ಚಳಿ, ಒಳಗೆ ಒದ್ದೆ ಮಣ್ಣಿನ ವಾಸನೆ, ಬಾಳೆಗಿಡ. ನಾನು ಎಷ್ಟೋ ಜನವರಿಗಳಲ್ಲಿ ಕೋಟು ಬಿಚ್ಚಿ ಕೈಯಲ್ಲಿ ಹಿಡಿದು ಅಲ್ಲಿ ಸುಮ್ಮನೆ ನಿಂತದ್ದುಂಟು. ನೋಡಬಹುದು, ಎಲೆ ಕೊಯ್ಯುವಂತಿಲ್ಲ. ಊಟಕ್ಕೆ ಬೇಕಾದರೆ ಶಿಕಾಗೊದ ಡೆವನ್ ಅವೆನ್ಯೂಗೆ ಹೋಗಿ. ಅಲ್ಲಿನ ನಮ್ಮ ಅಂಗಡಿಗಳ ಫ್ರೀಜರ್‌ನಲ್ಲಿ ಮಡಿಸಿಟ್ಟ ಎಲೆ ಸಿಗುತ್ತದೆ. ಬಿಡಿಸುವಾಗ ಆತುರಪಟ್ಟರೆ ಸೀಳುತ್ತದೆ.