ಹಳೆಯ ರಾ ಫೋಟೋ ಡಿಎನ್‌ಜಿ ಆದ ಮೇಲೆ ಮೂಲ ಫೈಲ್ ಅಳಿಸಬಹುದೇ?

ಪ್ರಶ್ನೆ: ನಿಕಾನ್ ಡಿ90 ಕ್ಯಾಮೆರಾದಲ್ಲಿ ತೆಗೆದ ಎನ್‌ಇಎಫ್ (ನಿಕಾನ್‌ನ ರಾ, ಅಂದರೆ ಕಚ್ಚಾ ಚಿತ್ರದ ಫೈಲ್) ಫೋಟೋಗಳು ಒಂದು ಹಾರ್ಡ್‌ಡಿಸ್ಕ್ ತುಂಬ ಇವೆ. 2024ರಲ್ಲಿ ಕುಸಿದ ಕಾಳಿ ನದಿಯ ಹಳೆ ಸೇತುವೆ, ಶಿರಸಿ ಮಾರಿಕಾಂಬಾ ಜಾತ್ರೆ, ಯಕ್ಷಗಾನ ಎಲ್ಲ ಅದರಲ್ಲೇ. ಮುಂದೊಂದು ದಿನ ಇವು ತೆರೆಯದೇ ಹೋದರೆ ಅಂತ ಭಯ. ಎಲ್ಲವನ್ನೂ ಡಿಎನ್‌ಜಿ (ಅಡೋಬಿ ಕಂಪನಿಯ ರಾ ಫೈಲ್ ರೂಪ) ಮಾಡಿ ಮೂಲ ಅಳಿಸಲೇ? ಜಾಗವೂ ಉಳಿಯುತ್ತೆ ಅಲ್ವಾ?
– ಓದುಗರು, ಕಾರವಾರ

ಉತ್ತರ: ಡಿಎನ್‌ಜಿ ಮಾಡಿಕೊಳ್ಳಿ, ಮೂಲ ಮಾತ್ರ ಅಳಿಸಬೇಡಿ. ಜಾಗದ ಆಸೆಯನ್ನಂತೂ ಬಿಟ್ಟುಬಿಡಿ. ಡಿ90ಯ ಎನ್‌ಇಎಫ್ ಮೊದಲೇ ಕುಗ್ಗಿಸಿದ ಫೈಲ್, ಹೆಚ್ಚೇನೂ ಉಳಿಯುವುದಿಲ್ಲ.

ತೆರೆಯದೇ ಹೋಗುತ್ತೆ ಅನ್ನುವ ಭಯ ಸ್ವಲ್ಪ ಜಾಸ್ತಿಯೇ ಆಯಿತು. ಕೊನಿಕಾ ಮಿನೋಲ್ಟಾ 2006ರಲ್ಲೇ ಕ್ಯಾಮೆರಾ ವ್ಯಾಪಾರ ಬಿಟ್ಟಿತು. ಅದರ ರಾ ಫೈಲ್‌ಗಳಾದ ಎಂಆರ್‌ಡಬ್ಲ್ಯುಗಳು ಇವತ್ತಿಗೂ ತೆರೆಯುತ್ತವೆ. ಆದರೂ ಎನ್‌ಇಎಫ್‌ನ ಒಳಗುಟ್ಟು ನಿಕಾನ್ ಕೈಯಲ್ಲಿದೆ. ಅಡೋಬಿ 2004ರಲ್ಲಿ ತಂದ ಡಿಎನ್‌ಜಿಯ ವಿವರ ಹಾಗಲ್ಲ, ಎಲ್ಲರಿಗೂ ಸಿಗುತ್ತೆ. ಯಾರು ಬೇಕಾದರೂ ದುಡ್ಡು ಕೊಡದೆ ಅದನ್ನು ಓದುವ ಸಾಫ್ಟ್‌ವೇರ್ ಬರೆಯಬಹುದು.

ನನಗೆ ಡಿಎನ್‌ಜಿ ಇಷ್ಟವಾಗುವುದು ಬೇರೆ ಕಾರಣಕ್ಕೆ. ಕಾರವಾರದ ಉಪ್ಪುಗಾಳಿ, ಮಳೆಗಾಲದ ತೇವದಲ್ಲಿ ಮೊದಲು ಕೈಕೊಡುವುದು ಡಿಸ್ಕ್. ಅದು ಪೂರ್ತಿ ಸತ್ತರೆ ಗೊತ್ತಾಗುತ್ತೆ. ಒಂದೊಂದೇ ಫೈಲ್ ಒಳಗೊಳಗೇ ಕೆಟ್ಟರೆ? ಡಿಎನ್‌ಜಿ ಮಾಡುವಾಗ ಚಿತ್ರದ ಡೇಟಾಕ್ಕೆ ಒಂದು ಚೆಕ್‌ಸಮ್ (ಡೇಟಾ ಬದಲಾದರೆ ತಾಳೆಯಾಗದ ಗುರುತಿನ ಸಂಖ್ಯೆ) ಲೆಕ್ಕ ಹಾಕಿ ಫೈಲಿನೊಳಗೇ ಬರೆದಿಡುತ್ತಾರೆ. ಅಡೋಬಿಯ ಫೋಟೋ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನ ಲೈಬ್ರರಿ ಮೆನುವಿನಲ್ಲಿ ‘ವ್ಯಾಲಿಡೇಟ್ ಡಿಎನ್‌ಜಿ ಫೈಲ್ಸ್’ ಒತ್ತಿದರೆ ಅದು ಮತ್ತೆ ಲೆಕ್ಕ ಹಾಕಿ, ತಾಳೆಯಾಗದ ಫೈಲ್‌ಗಳನ್ನು ಬೇರೆ ಮಾಡಿ ತೋರಿಸುತ್ತೆ. ಕೆಟ್ಟಿದ್ದನ್ನು ರಿಪೇರಿ ಮಾಡಲ್ಲ, ಇನ್ನೊಂದು ಪ್ರತಿಯಿಂದ ನೀವೇ ತರಬೇಕು. ಡಿಎನ್‌ಜಿ ಮಾಡುವ ಮೊದಲೇ ಫೈಲ್ ಕೆಟ್ಟಿದ್ದರೆ ಅದಕ್ಕೆ ತಿಳಿಯುವುದೂ ಇಲ್ಲ. ಹಾಗಾಗಿ ಈ ಕೆಲಸ ಮುಂದಿನ ಮಳೆಗಾಲಕ್ಕೆ ಮೊದಲೇ ಮುಗಿಸಿ.

ಅಡೋಬಿ ಡಿಎನ್‌ಜಿ ಕನ್ವರ್ಟರ್ ಉಚಿತ. ಪ್ರಿಫರೆನ್ಸಸ್‌ನಲ್ಲಿ ಜೆಪೆಗ್ ಪ್ರಿವ್ಯೂ ‘ಫುಲ್ ಸೈಜ್’ ಇರಲಿ. ಲಾಸಿ ಕಂಪ್ರೆಶನ್‌ಗೆ (ಚಿತ್ರದ ವಿವರ ಕಳೆದು ಕುಗ್ಗಿಸುವುದು) ಟಿಕ್ ಬೇಡವೇ ಬೇಡ. ‘ಎಂಬೆಡ್ ಒರಿಜಿನಲ್’ ಒತ್ತಿದರೆ ಎನ್‌ಇಎಫ್ ಕೂಡ ಡಿಎನ್‌ಜಿಯ ಹೊಟ್ಟೆಯಲ್ಲೇ ಕೂರುತ್ತೆ, ಗಾತ್ರ ಹತ್ತಿರಹತ್ತಿರ ಎರಡು ಪಟ್ಟು. ಮೂಲವನ್ನು ಬೇರೆ ಇಟ್ಟುಕೊಂಡರೆ ಅದು ಸುಮ್ನೆ ಭಾರ.

ಮೂಲ ಯಾಕೆ ಬೇಕು ಅಂದರೆ, ನಿಕಾನ್‌ನದೇ ಫೋಟೋ ಸಾಫ್ಟ್‌ವೇರ್ ಎನ್‌ಎಕ್ಸ್ ಸ್ಟುಡಿಯೋ ಈ ಡಿಎನ್‌ಜಿಗಳನ್ನು ತೆರೆಯಲ್ಲ. ನಿಕಾನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ತಿದ್ದುಪಡಿಯೂ ಡಿಎನ್‌ಜಿಯಲ್ಲಿ ಕಾಣುವುದಿಲ್ಲ. ಯಕ್ಷಗಾನದ ರಾತ್ರಿ ತೆಗೆದ ವೇಷದ ಕೆಂಪು ಬಣ್ಣ ಸರಿಮಾಡಲು ಅದರಲ್ಲೇ ಗಂಟೆಗಟ್ಟಲೆ ಕೂತಿದ್ದೀರಾ? ಅಂಥ ಫೋಟೋಗಳನ್ನು 16 ಬಿಟ್ ಟಿಫ್ (ತಿದ್ದಿದ ರೂಪವೇ ಉಳಿಯುವ ಚಿತ್ರದ ಫೈಲ್) ಆಗಿಯೂ ಉಳಿಸಿ.

ಇರುವ ಡಿಸ್ಕ್ ಒಂದೇ ಆಗಿದ್ದರೆ ಡಿಎನ್‌ಜಿ ಮಾಡುವ ಮೊದಲು ಇನ್ನೊಂದು ಕೊಳ್ಳಿ. ಎರಡರಲ್ಲೂ ಎನ್‌ಇಎಫ್, ಡಿಎನ್‌ಜಿ ಎರಡೂ ಇರಲಿ. ಒಂದನ್ನು ಘಟ್ಟದ ಮೇಲೆ ನೆಂಟರ ಮನೆಯಲ್ಲಿಡಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ.