ಲೋಮನಾಳಕ್ಕೆ ಒಂದೇ ಸಾಲೇ?

ನಮಸ್ಕಾರ. ನಿಮ್ಮ ‘ರಕ್ತದ ಪಯಣ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ.

‘ಶುದ್ಧ ರಕ್ತ ಒಯ್ಯುವುದು ಅಪಧಮನಿ, ಅಶುದ್ಧ ರಕ್ತ ತರುವುದು ಅಭಿಧಮನಿ’ ಎಂದು ಶುರು ಮಾಡಿದ್ದೀರಿ. ಮೂರನೇ ಪುಟದಲ್ಲಿ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ‘ಅಶುದ್ಧ’ ರಕ್ತ ಬಂತು. ‘ಇದೊಂದು ಅಪವಾದ’ ಎಂದು ಜಾರಿಕೊಂಡಿರಿ. ವ್ಯಾಖ್ಯೆಯೇ ತಪ್ಪಿದ್ದಾಗ ಅಪವಾದದ ಹೆಸರು ಹೇಳಿ ಪಾರಾಗಲಾಗದು. ಹೃದಯದಿಂದ ಹೊರಟದ್ದು ಅಪಧಮನಿ, ಹೃದಯದ ಕಡೆಗೆ ಮರಳುವುದು ಅಭಿಧಮನಿ. ಒಳಗಿನ ರಕ್ತ ಎಂಥದ್ದಾದರೂ ಸರಿ. ‘ಅಶುದ್ಧ’ ಪದವನ್ನೇ ಬಿಡಿ. ಮರಳುವ ರಕ್ತದಲ್ಲಿ ಕೊಳೆಯೇನೂ ಇಲ್ಲ; ಸುಮ್ಮನೆ ಕೂತಿದ್ದಾಗ ಆಮ್ಲಜನಕದ ಬಹುಪಾಲು ಅದರಲ್ಲಿ ಇನ್ನೂ ಉಳಿದಿರುತ್ತದೆ. ಅದು ನೀಲಿ ಎಂದದ್ದೂ ತಪ್ಪು. ಲ್ಯಾಬಿನಲ್ಲಿ ನಿಮ್ಮ ಮೊಣಕೈ ಮಡಿಕೆಯಿಂದ ತೆಗೆದದ್ದು ಅಭಿಧಮನಿಯ ರಕ್ತವೇ, ಸಿರಿಂಜಿನಲ್ಲಿ ಕಡುಗೆಂಪಾಗಿರಲಿಲ್ಲವೇ?

ಇನ್ನು ನನ್ನ ದೊಡ್ಡ ತಕರಾರು. ಹೃದಯಕ್ಕೆ ಎರಡು ಪುಟ ಹೋಲಿಕೆಗಳು: ಪಂಪು, ಎಂಜಿನ್, ದಣಿವರಿಯದ ಆಳು. ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಅತಿ ಸಣ್ಣ ನಾಳಗಳಿಗೆ, ಅಂದರೆ ಲೋಮನಾಳಗಳಿಗೆ, ಮಾತ್ರ ಒಂದೇ ಸಾಲು. ಕೊಡು-ಕೊಳ್ಳುವ ವ್ಯವಹಾರವೆಲ್ಲ ನಡೆಯುವುದೇ ಅಲ್ಲಿ! ಗೋಡೆ ಒಂದು ಜೀವಕೋಶದಷ್ಟೇ ದಪ್ಪ. ಕೆಂಪು ಕಣಗಳು ಮೈ ಬಗ್ಗಿಸಿಕೊಂಡು ಒಂದರ ಹಿಂದೊಂದು ನುಸುಳಬೇಕು. ಕಥೆಯೂ ಅಲ್ಲೇ ಇದೆ. ರಕ್ತ ಸುತ್ತು ಹಾಕುತ್ತದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದಾಗ, ಅದು ಅಪಧಮನಿಯಿಂದ ಅಭಿಧಮನಿಗೆ ದಾಟುವ ದಾರಿಯನ್ನು ತೋರಿಸಲಾಗಲಿಲ್ಲ. ಕೈಯಲ್ಲಿದ್ದದ್ದು ಒಂದು ಲೆಕ್ಕ: ಹೃದಯ ಅರ್ಧ ಗಂಟೆಯಲ್ಲಿ ತಳ್ಳುವ ರಕ್ತ, ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚು. ಅಂದಮೇಲೆ ಅದೇ ರಕ್ತ ತಿರುಗಿ ಬರಲೇಬೇಕು. ಹಾರ್ವೆ 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ನಂತರ ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡುತ್ತ ಆ ದಾರಿಯನ್ನು ಕಂಡ. ಇದಕ್ಕೆ ಒಂದು ಪುಟವಾದರೂ ಕೊಡಿ.

ಕಂಡಕ್ಟರ್ ಆಗಿರುವ ನಿಮ್ಮ ತಂದೆಯ ಕಾಲಿನ ಪ್ರಸಂಗ ಚೆನ್ನಾಗಿದೆ, ಮುಟ್ಟಬೇಡಿ. ‘ನರ ಉಬ್ಬಿದೆ’ ಎಂಬ ಅಮ್ಮನ ಮಾತೂ ಹಾಗೇ ಇರಲಿ. ಅಮ್ಮ ನರ ಎಂದದ್ದು ಅಭಿಧಮನಿಗೆ ಎಂದು ಮುಂದಿನ ಸಾಲಿನಲ್ಲಿ ಹೇಳಿದರಾಯಿತು. ಕಾಲಿನ ರಕ್ತ ಮೇಲೇರಲು ಮೀನಖಂಡದ ಸ್ನಾಯು ಹಿಂಡಬೇಕು, ನಾಳದೊಳಗಿನ ಕವಾಟ ಅದನ್ನು ಕೆಳಗೆ ಬೀಳದಂತೆ ತಡೆಯಬೇಕು. ಕವಾಟ ಸಡಿಲಾದರೆ ಏನಾಗುತ್ತದೆಂದು ನೀವು ಬರೆದೇ ಇಲ್ಲ.

ಚಿತ್ರ ಚೆನ್ನಾಗಿ ಬಿಡಿಸಿದ್ದೀರಿ. ಅಭಿಧಮನಿಗೆ ನೀಲಿ ಹಚ್ಚಿದ್ದು ಗುರುತಿಗಾಗಿ ಮಾತ್ರ ಎಂದು ಕೆಳಗೆ ಬರೆಯಿರಿ.