ಬೊಲೆರೋ ಪಿಕಪ್ ಮೇಲೆ ಪಕ್ಕಾಸು, ಪೈಪು ಒಯ್ಯುವ ಸ್ಟ್ಯಾಂಡ್: ಕ್ಯಾಬಿನ್‌ಗೆ ವೆಲ್ಡ್ ಮಾಡಿಸಬಹುದಾ?

ಬೇಡ. ಕ್ಯಾಬಿನ್‌ಗೆ ವೆಲ್ಡ್ ಮಾಡಿಸಲೇಬೇಡಿ.

ನಿಮ್ಮದು ಒಂಬತ್ತಡಿ ಬಾಡಿಯ ಗಾಡಿ. ಚಾವಣಿಗೆ ಹಾಕುವ ಪಕ್ಕಾಸು, ರೀಪು, ಇಪ್ಪತ್ತಡಿ ಪೈಪು, ಜೊತೆಗೆ ಅಡಿಕೆ ಕೊಯ್ಯುವ ದೋಟಿ ಒಯ್ಯಬೇಕು ಅಂದಿದ್ದೀರಿ. ಸ್ಟ್ಯಾಂಡಿನ ಹಿಂದಿನ ಕಾಲು ಬಾಡಿಯ ಮೇಲೆ, ಮುಂದಿನದು ಕ್ಯಾಬಿನ್ ತಗಡಿಗೆ ಅಂತ ವೆಲ್ಡರ್ ಹೇಳಿದ್ದಾರೆ. ನಾನು ಕಾಸರಗೋಡಿನ ಪೆರ್ಲ ಕಡೆ ಶೀಟಿನ ಚಾವಣಿ ಹಾಕುವವನು. ಇಂಥ ಸ್ಟ್ಯಾಂಡ್ ಇರುವ ಗಾಡಿಯಲ್ಲೇ ನಮ್ಮ ಸಾಮಾನೆಲ್ಲ ಸಾಗುವುದು.

ಪಿಕಪ್‌ನಲ್ಲಿ ಕ್ಯಾಬಿನ್ ಬೇರೆ, ಬಾಡಿ ಬೇರೆ. ಎರಡೂ ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಮೇಲೆಯೇ ಕೂತಿದ್ದರೂ ಕ್ಯಾಬಿನ್ ಕೂತಿರುವುದು ರಬ್ಬರ್ ಮೇಲೆ. ತೋಟದ ದಾರಿಯಲ್ಲಿ ಒಂದು ಚಕ್ರ ಹೊಂಡಕ್ಕಿಳಿದಾಗ ಪಕ್ಕದಲ್ಲಿ ನಿಂತು ಎರಡರ ನಡುವಿನ ಸಂದನ್ನು ನೋಡಿ. ಮೇಲೆ ಕೆಳಗೆ ಅಲುಗಾಡುವುದು ಕಣ್ಣಿಗೇ ಕಾಣುತ್ತದೆ. ಚಾಸಿ ತಿರುಚಿಕೊಳ್ಳುತ್ತದೆ, ಸಂದು ಬಿಟ್ಟಿರುವುದೇ ಅದಕ್ಕೆ. ಎರಡನ್ನೂ ಒಂದೇ ಕಬ್ಬಿಣದಲ್ಲಿ ಬಿಗಿದರೆ ಆ ಎಳೆದಾಟವೆಲ್ಲ ಕ್ಯಾಬಿನ್ನಿನ ತೆಳು ತಗಡಿನ ಮೇಲೆ ಬೀಳುತ್ತದೆ. ಮೊದಲು ವೆಲ್ಡಿನ ಅಂಚಿನಲ್ಲಿ ಪೇಂಟ್ ಕೂದಲೆಳೆಯಷ್ಟು ಬಿರಿಯುತ್ತದೆ. ಮಳೆ ಶುರುವಾದ ಮೇಲೆ ಅಲ್ಲಿಂದ ಕಂದು ನೀರು ಗಾಜಿನ ರಬ್ಬರ್‌ವರೆಗೆ ಗೆರೆ ಎಳೆದುಕೊಂಡು ಇಳಿಯುತ್ತದೆ. ನಮ್ಮ ಊರಿನ ಮಳೆಗೆ ಆ ತಗಡು ಎಷ್ಟು ದಿನ ತಡೆದೀತು ಹೇಳಿ.

ಹಾಗಾಗಿ ನಾಲ್ಕೂ ಕಾಲು ಬಾಡಿ ಮೇಲೆಯೇ ನಿಲ್ಲಲಿ. ಮುಂದಿನ ಎರಡು, ಕ್ಯಾಬಿನ್ನಿನ ಬೆನ್ನಿಗೆ, ಬಾಡಿಯ ಮೂಲೆಗಳಲ್ಲಿ. ಅಲ್ಲಿಂದ ಉದ್ದದ ಪೈಪು ಕ್ಯಾಬಿನ್ ಮೇಲೆ ಚಾಚಿರಲಿ, ತಾಗುವುದು ಬೇಡ. ಮೂರ್ನಾಲ್ಕು ಇಂಚು ಅಂತರ ಸಾಕು. ಚಾಚಿದ ಭಾಗಕ್ಕೆ ಕೆಳಗಿನಿಂದ ಆಸರೆ ಕೊಡಲು ಜಾಗ ಇರುವುದಿಲ್ಲ, ಅಲ್ವಾ? ಅದಕ್ಕೇ ಉದ್ದದ ಪೈಪು ಹಿಂದಿನ ಕಾಲಿನಿಂದ ಮುಂದಿನ ತುದಿವರೆಗೆ ಒಂದೇ ತುಂಡಾಗಿರಬೇಕು. ಚೂರುಪಾರು ಉಳಿದದ್ದನ್ನು ಜೋಡಿಸಿ ಕೊಡ್ತೇನೆ ಅಂದರೆ ಒಪ್ಪಬೇಡಿ.

ಪೈಪು ಎರಡಿಂಚಿನ ಸ್ಕ್ವೇರ್, 3 ಎಂಎಂ ದಪ್ಪದ್ದು ತಗೊಳ್ಳಿ. ಮೀಟರಿಗೆ ನಾಲ್ಕು ಕಿಲೋಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಪೂರ್ತಿ ಸ್ಟ್ಯಾಂಡ್ 70-80 ಕಿಲೋ ಆದೀತು. ಅಷ್ಟು ಭಾರ ನಿಮ್ಮ ಲೋಡಿನ ಲೆಕ್ಕದಿಂದಲೇ ಹೋಗುತ್ತದೆ. ಬ್ರೇಕ್ ಹೊಡೆದಾಗ ಮೇಲಿನ ಸಾಮಾನು ಮುಂದಕ್ಕೆ ನುಗ್ಗುತ್ತದೆ, ಆದ್ದರಿಂದ ಕಾಲು ಮತ್ತು ಉದ್ದದ ಪೈಪು ಸೇರುವ ಮೂಲೆಗೆ ತ್ರಿಕೋನದ ಪ್ಲೇಟ್ ಬೇಕೇ ಬೇಕು. ಕಾಲಿನ ಬುಡಕ್ಕೆ ದಪ್ಪ ಪ್ಲೇಟ್, ಬಾಡಿ ತಗಡಿನ ಅಡಿಯಲ್ಲಿ ಅಂಥದ್ದೇ ಇನ್ನೊಂದು, ನಡುವೆ ಬೋಲ್ಟ್. ಅಡಿಯ ಅಡ್ಡಪಟ್ಟಿ ಇರುವ ಜಾಗ ನೋಡಿಯೇ ತೂತು ಹೊಡೆಸಿ. ಪೈಪಿನ ಮೇಲಿನ ಬಾಯಿ ಮುಚ್ಚಿಸಿ, ಕಾಲಿನ ಬುಡದಲ್ಲಿ ನೀರು ಇಳಿಯಲು ಸಣ್ಣ ತೂತು ಬಿಡಿಸಿ. ಇಲ್ಲದಿದ್ದರೆ ಒಳಗಿನಿಂದ ತುಕ್ಕು ತಿಂದದ್ದು ಹೊರಗೆ ಗೊತ್ತೇ ಆಗುವುದಿಲ್ಲ.

ಇಪ್ಪತ್ತಡಿ ಪೈಪಿನ ವಿಷಯ ನಿಮಗೆ ಬೇಸರ ತರಬಹುದು. ಅದು 6 ಮೀಟರ್ ಉದ್ದ. ನಿಮ್ಮ ಗಾಡಿ ಬಂಪರಿನಿಂದ ಬಾಲದವರೆಗೆ ಸುಮಾರು ಐದೂಕಾಲು ಮೀಟರ್. ಹೇಗೆ ಇಟ್ಟರೂ ಮುಕ್ಕಾಲು ಮೀಟರ್ ಹೊರಗೆ. ಕೆಂಪು ಬಟ್ಟೆ ಕಟ್ಟಿದರೆ ಆಯ್ತು ಅನ್ನುವುದು ಹಳೇ ಲೆಕ್ಕ. ಹಿಂದಕ್ಕೆ ಒಂದು ಮೀಟರ್ ಚಾಚಲು ಇದ್ದ ಅವಕಾಶವನ್ನು 2014ರಲ್ಲೇ ತೆಗೆದರು. ಈಗ ಮುಂದೆ, ಹಿಂದೆ, ಪಕ್ಕಕ್ಕೆ ಸಾಮಾನು ಚಾಚಿದರೆ ಮೋಟಾರು ವಾಹನ ಕಾಯಿದೆಯ 194(1ಎ) ಪ್ರಕಾರ 20,000 ರೂಪಾಯಿ ದಂಡ. ಹೆಚ್ಚಾದ ಸಾಮಾನು ಇಳಿಸಿದ ಮೇಲೆಯೇ ಗಾಡಿ ಬಿಡುವುದು. ಕೇಂದ್ರದ ಕಾಯಿದೆ, ಹಾಗಾಗಿ ಗಡಿ ದಾಟಿ ವಿಟ್ಲ, ಪುತ್ತೂರಿಗೆ ಹೋದರೂ ಇದೇ. ಪಿವಿಸಿ ಆದರೆ ಅಂಗಡಿಯಲ್ಲೇ ಅರ್ಧ ಮಾಡಿಸಿ, ತೋಟದಲ್ಲಿ ಕಪ್ಲರ್ ಹಾಕಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಅಳತೆ ಕೊಟ್ಟು ಕತ್ತರಿಸಿ ತನ್ನಿ, ಇಲ್ಲವೇ ದೊಡ್ಡ ಗಾಡಿಗೆ ಬಾಡಿಗೆ ಕೊಡಿ. ಹದಿನಾರಡಿವರೆಗಿನ ಪಕ್ಕಾಸಿಗೆ ಈ ಸ್ಟ್ಯಾಂಡ್ ಬಹಳ ಚೆನ್ನಾಗಿ ಒದಗುತ್ತದೆ. ಅದಕ್ಕಾಗಿಯೇ ಹಾಕಿಸುವುದಾದರೆ ದುಡ್ಡು ವ್ಯರ್ಥ ಅಲ್ಲ.

ಆರ್‌ಸಿಯಲ್ಲಿ ಇರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಾಡು ಮಾಡಬಾರದು ಅಂತ ಅದೇ ಕಾಯಿದೆಯ 52ನೇ ಕಲಂ ಹೇಳುತ್ತದೆ. ಕೇರಳದಲ್ಲಿ ಇದನ್ನು ಸುಮ್ನೆ ಬಿಡುವುದಿಲ್ಲ. ಬೋಲ್ಟ್ ಬಿಚ್ಚಿ ತೆಗೆಯುವ ಹಾಗೆ ಮಾಡಿಸಿ. ಕೆಲಸ ಹಿಡಿಸುವ ಮೊದಲೇ ಒಂದು ಚಿತ್ರ ಬರೆದುಕೊಂಡು ಕಾಸರಗೋಡು ಆರ್‌ಟಿಒದಲ್ಲಿ ಕೇಳಿ, ಫಿಟ್‌ನೆಸ್ ದಿನ ವಾದ ಮಾಡುವುದಕ್ಕಿಂತ ಅದು ಸುಲಭ.

ಕಟ್ಟುವುದಕ್ಕೆ ನೈಲಾನ್ ಹಗ್ಗ ಒಂದನ್ನೇ ನಂಬಬೇಡಿ, ಒದ್ದೆಯಾದರೆ ಸಡಿಲ ಬೀಳುತ್ತದೆ. ರ್‍ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಯುವ ಪಟ್ಟಿ) ಎರಡು ಕಡೆ ಹಾಕಿ, ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ.

ಇನ್ನು ದೋಟಿ. ಅಲ್ಯೂಮಿನಿಯಂ ಆಗಲಿ, ಕಾರ್ಬನ್ ಫೈಬರ್ ಆಗಲಿ, ಎರಡರಲ್ಲೂ ಕರೆಂಟ್ ಹರಿಯುತ್ತದೆ. ಸ್ಟ್ಯಾಂಡ್ ಮೇಲಕ್ಕೆ ಏರಿಸುವಾಗ ದೋಟಿಯ ತುದಿ ಎಲ್ಲಿಗೆ ಹೋಗುತ್ತದೆ ಅಂತ ಕೆಳಗಿದ್ದವರಿಗೆ ಗೊತ್ತಾಗುವುದಿಲ್ಲ, ತೋಟದ ದಾರಿಯಲ್ಲಿ ತಂತಿ ಜೋತು ಬಿದ್ದಿರುತ್ತದೆ. ಲೈನಿನ ಅಡಿಯಲ್ಲಿ ಗಾಡಿ ನಿಲ್ಲಿಸಿ ಲೋಡ್ ಮಾಡಲೇಬೇಡಿ. ನಿಮ್ಮದು ಒಂದರೊಳಗೊಂದು ಜಾರಿಸಿ ಗಿಡ್ಡ ಮಾಡುವ ದೋಟಿಯಾದರೆ ಬಾಡಿಯೊಳಗೇ ಮಲಗಿಸಿ.